ಮೊದಲು ಕಾಲುಚೀಲ, ಆಮೇಲೆ ಬೂಟು

ಜನವರಿ 9

ಮಾನ್ಯರೆ,

ನಾವಿಬ್ಬರೂ ಸೇರಿ ಬರೆದು, ಹನ್ನೊಂದು ವರ್ಷದ ಹಿಂದೆ ಅಚ್ಚಾದ ಲೇಖನದ ವಿಷಯವಾಗಿ ಈ ಪತ್ರ. ಅದರಲ್ಲಿನ ಪ್ರಮೇಯವನ್ನು ಈಗ ಎಲ್ಲರೂ ನಮ್ಮಿಬ್ಬರ ಹೆಸರಿನಿಂದಲೇ ಕರೆಯುತ್ತಾರೆಂಬುದು ತಮಗೆ ತಿಳಿದೇ ಇದೆ. ನನ್ನ ಬಳಿ ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ಆ ಲೇಖನದಲ್ಲಿ ತಪ್ಪಿದೆ ಎನ್ನುತ್ತಿದ್ದಾಳೆ. ಮೊದಲ ಭಾಗವನ್ನು ತಾವು ಬರೆದಿರಿ, ಎರಡನೆಯದನ್ನು ನಾನು ಬರೆದೆ. ಎರಡನ್ನೂ ಬೆಸೆಯುವ ನಡುವಿನ ಪುಟದಲ್ಲಿ, ಚೌಕದ ಚಿತ್ರ ಇರುವಲ್ಲಿ, ಬೆಸುಗೆ ಕೂಡುತ್ತಿಲ್ಲವಂತೆ.

ಹುಡುಗಿಯ ಪ್ರಬಂಧ ಪೂರ್ತಿ ಈ ಪ್ರಮೇಯದ ಮೇಲೆ ನಿಂತಿದೆ. ಮೇ ತಿಂಗಳ ಕೊನೆಗೆ ಅದರ ಮೌಖಿಕ ಪರೀಕ್ಷೆ. ಪ್ರಮೇಯ ಬಿದ್ದರೆ ಅವಳ ದುಡಿಮೆಯೂ ಬಿತ್ತು, ಅವಳಿಗಾಗಿ ಕಾದಿರುವ ಕೆಲಸವೂ ಹೋಯಿತು. ಆದ್ದರಿಂದ ತಾವು ಬಿಡುವು ಮಾಡಿಕೊಂಡು ತಮ್ಮ ಭಾಗವನ್ನು ಪರಿಶೀಲಿಸಿ ತಿಳಿಸಬೇಕಾಗಿ ವಿನಂತಿ.

ಇತಿ,
ಪ್ರಾಧ್ಯಾಪಕಿ, ಗಣಿತ ವಿಭಾಗ

ವಿ.ಸೂ.: ತಪ್ಪು ತಮ್ಮ ಭಾಗದಲ್ಲೇ ಇರಬಹುದೆಂದು ನನ್ನ ಅನುಮಾನ.

*

ಜನವರಿ 19

ಬೂಟು,

‘ಮಾನ್ಯರೆ’ ಅಂತೆ, ‘ತಾವು’ ಅಂತೆ! ಹಾಸ್ಟೆಲಿನಲ್ಲಿ ನನ್ನ ತಟ್ಟೆಗೆ ಕೈ ಹಾಕಿ ತಿಂದವಳು ನೀನು. ನಿನಗೆ ‘ತಾವು’ ಅಂತ ಬರೆಯಲು ಕೈಯಾದರೂ ಹೇಗೆ ಬಂತು? ಪತ್ರ ಓದಿ ಮೊದಲು ಸಿಟ್ಟು ಬಂತು. ವಿಶೇಷ ಸೂಚನೆ ಓದಿದ ಮೇಲೆ ನಗು ಬಂತು. ಆ ಒಂದು ಸಾಲಿನಲ್ಲಿ ಮಾತ್ರ ನೀನು ನೀನಾಗಿಯೇ ಇದ್ದೆ.

ಅಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ಯಾರ ಪತ್ರ ಅಂತ ಕೇಳಿದಳು. ಬೂಟಿನದು ಅಂದೆ. ಆ ಹುಡುಗಿ ಈಗ ಹೇಗಿದ್ದಾಳೆ ಅಂದಳು. ಹುಡುಗಿಗೆ ಐವತ್ತೆಂಟು ದಾಟಿತು, ಇನ್ನೂ ಸೊಕ್ಕು ಇಳಿದಿಲ್ಲ ಅಂದೆ. ಅಷ್ಟಕ್ಕೆ ಬಿಡುತ್ತಾಳೆಯೆ? ನಿಮ್ಮ ಜಗಳ ಯಾವುದಕ್ಕೆ ಅಂತ ಇನ್ನೊಮ್ಮೆ ಹೇಳು, ನನಗೆ ಆಗಲೂ ಅರ್ಥವಾಗಿರಲಿಲ್ಲ ಅಂತ ಪಟ್ಟು ಹಿಡಿದಳು.

ಕೂತು ಹೇಳಿದೆ. ಅಮ್ಮಾ, ನಮ್ಮ ಕೆಟಗರಿ ಥಿಯರಿಯವರು ವಸ್ತುಗಳ ಹೊಟ್ಟೆ ಬಗೆದು ಒಳಗೇನಿದೆ ಅಂತ ನೋಡುವವರಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವ ಬಾಣಗಳನ್ನು ನೋಡುವವರು. ಒಂದು ಬಾಣದ ತುದಿಗೆ ಇನ್ನೊಂದರ ಬುಡ ಜೋಡಿಸುತ್ತಾ ಹೋಗುವುದೇ ನಮ್ಮ ಕಸುಬು. ಹಾಗೆ ಜೋಡಿಸಿದ್ದನ್ನು ಕಾಗದದ ಮೇಲೆ ಬರೆಯುವಾಗ, ಮೊದಲು ಮಾಡಿದ್ದನ್ನು ಮೊದಲು ಬರೆಯಬೇಕು ಅನ್ನುವುದು ನನ್ನ ವಾದ. ಮೊದಲು ಕಾಲುಚೀಲ ಹಾಕುತ್ತೇವೆ, ಆಮೇಲೆ ಬೂಟು. ಹಾಗೇ ಬರೆಯೋಣ. ಅವಳು ಹಿಂದಿನಿಂದ ಬಂದ ರೂಢಿ ಬಿಡುವುದಿಲ್ಲ: ಬೂಟು ಮೊದಲು, ಕಾಲುಚೀಲ ಆಮೇಲೆ. ಪಾದಕ್ಕೆ ಹತ್ತಿರವಾದದ್ದು ಪಾದದ ಪಕ್ಕದಲ್ಲೇ ಇರಬೇಕಂತೆ, ಹೊರಗಿನಿಂದ ಒಳಗೆ ಓದಿಕೊಂಡು ಬರಬೇಕಂತೆ. ಅದಕ್ಕೇ ಅವಳು ಬೂಟು, ನಾನು ಕಾಲುಚೀಲ.

“ಇಷ್ಟಕ್ಕೇನಾ?” ಅಂದಳು ಅಮ್ಮ.

“ಇಷ್ಟಕ್ಕೇ,” ಅಂದೆ.

ಅವಳು ಮತ್ತೆ ಮಿಷನ್ ತುಳಿಯತೊಡಗಿದಳು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಇನ್ನು ವಿಷಯಕ್ಕೆ. ನನ್ನ ಭಾಗದಲ್ಲಿ ತಪ್ಪಿಲ್ಲ. ಆ ಹುಡುಗಿ ಎಂಥವಳು ಅಂತ ಬರೆ. ಫೋನ್ ಮಾಡಬೇಡ, ಇಮೇಲೂ ಬೇಡ. ನಮ್ಮ ಬಾಣಗಳನ್ನು ಕೈಯಲ್ಲೇ ಬರೆಯಬೇಕು. ಅಲ್ಲದೆ ನಿನ್ನ ದನಿ ಕೇಳಿದರೆ ನಾನು ಜಗಳ ಶುರು ಮಾಡಿಬಿಡುತ್ತೇನೆ.

ಕಾಲುಚೀಲ

*

ಫೆಬ್ರವರಿ 2

ಕಾಲುಚೀಲ,

ಸರಿ ತಾಯಿ, ‘ನೀನು’. ಬರೆದ ಮೇಲೆ ಹಗುರವಾಯಿತು.

ಹುಡುಗಿಯನ್ನು ನಾನು ಗುಬ್ಬಚ್ಚಿ ಅಂತ ಕರೆಯುತ್ತೇನೆ. ಬೋರ್ಡಿನ ಮುಂದೆ ಯೋಚಿಸುವಾಗ ನಿಂತಲ್ಲಿ ನಿಲ್ಲುವುದಿಲ್ಲ, ಕುಪ್ಪಳಿಸುತ್ತಾಳೆ. ಚಾಕ್‌ಪೀಸನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮರೆತು ಊರೆಲ್ಲ ತಿರುಗುತ್ತಾಳೆ. ನಿನ್ನ ಕುರ್ಚಿ ಈಗ ಅವಳದ್ದು. ಗೋಡೆಗೆ ಎರಡು ಸಲ ಬಣ್ಣ ಬಳಿದರು, ಆದರೆ ನಾವು ಬೋರ್ಡಿನ ನಟ್ಟನಡುವೆ ಮೊಳೆಯಿಂದ ಗೀಚಿದ ಗೆರೆ ಹಾಗೇ ಇದೆ. ಎಡಗಡೆ ನಿನ್ನದು, ಬಲಗಡೆ ನನ್ನದು. ಇದೇನು ಮೇಡಂ ಅಂತ ಅವಳು ಕೇಳಿದಾಗ ಬೋರ್ಡು ಬಿರುಕು ಬಿಟ್ಟಿದೆ ಅಂದೆ.

ಅವಳಿಗೆ ಆ ಜಗಳದ ಕಥೆ ಹೇಳಿಲ್ಲ. ಏನಂತ ಹೇಳಲಿ? ಲೇಖನದಲ್ಲಿ ನಾವು ಬುದ್ಧಿವಂತಿಕೆ ತೋರಿಸಿ ಪಾರಾಗಿದ್ದೆವು. ‘ಮೊದಲ ಭಾಗವನ್ನು ಮುಂದಿನಿಂದ, ಎರಡನೆಯ ಭಾಗವನ್ನು ಹಿಂದಿನಿಂದ ಓದಿಕೊಳ್ಳುವುದು’ ಅಂತ, ಅಂದರೆ ನಿನ್ನದನ್ನು ನಿನ್ನ ಕ್ರಮದಲ್ಲಿ, ನನ್ನದನ್ನು ನನ್ನ ಕ್ರಮದಲ್ಲಿ, ಮೊದಲ ಪುಟದಲ್ಲೇ ಒಂದು ಸಾಲು ಹಾಕಿದೆವು. ಪತ್ರಿಕೆಯವರೂ ಒಪ್ಪಿ, ಅವರವರ ಭಾಗದ ಕೊನೆಯ ಪ್ರತಿ ಕಳಿಸಿ ಅಂದರು. ಆದರೆ ಪುಸ್ತಕ ಬರೆಯೋಣ ಅಂತ ಕೂತಾಗ ಆ ಆಟ ನಡೆಯಲಿಲ್ಲ. ಪುಸ್ತಕವೊಂದಕ್ಕೆ ಕ್ರಮವೂ ಒಂದೇ ಇರಬೇಕು. ನಾನು ಡಸ್ಟರ್ ಎಸೆದೆ. ನೀನು ಕಾಗದ ಬಾಚಿಕೊಂಡು ಹೋದೆ. ವಾರ ಕಳೆಯುವುದರೊಳಗೆ ಬೇರೆ ಊರಿನ ಕೆಲಸಕ್ಕೆ ಒಪ್ಪಿ, ರೈಲಿಗೆ ಟಿಕೆಟನ್ನೂ ತೆಗೆದುಬಿಟ್ಟೆ.

ನಾನು ಸ್ಟೇಷನ್ನಿಗೆ ಬರಲಿಲ್ಲ. ಅದರ ಬಗ್ಗೆ ಇವತ್ತು ಬರೆಯುವುದಿಲ್ಲ.

ಗುಬ್ಬಚ್ಚಿ ತೋರಿಸಿದ ಚೌಕವನ್ನು ಇದರ ಜೊತೆ ಬರೆದು ಕಳಿಸಿದ್ದೇನೆ. ಮೇಲಿನ ದಾರಿ ಹಿಡಿದರೂ ಕೆಳಗಿನ ದಾರಿ ಹಿಡಿದರೂ ಒಂದೇ ಮೂಲೆಗೆ ತಲುಪಬೇಕು, ಅಲ್ಲವೆ? ಚಿತ್ರದಲ್ಲೇನೋ ತಲುಪುತ್ತದೆ. ಆದರೆ ನಿನ್ನ ಭಾಗ, ನನ್ನ ಭಾಗ ಎರಡನ್ನೂ ತಂದು ಇಟ್ಟರೆ ದಾರಿಗಳು ತಲುಪಬೇಕಾದ ಮೂಲೆಯಿಂದ ಹೊರಟು, ಹೊರಡಬೇಕಾದ ಮೂಲೆಗೆ ಬರುತ್ತವೆ ಅನ್ನುತ್ತಾಳೆ. ನೋಡು.

ಬೂಟು
(‘ಪ್ರಾಧ್ಯಾಪಕಿ’ ಅಂತ ಬರೆದು ಹೊಡೆದುಹಾಕಿದೆ.)

*

ಫೆಬ್ರವರಿ 14

ಬೂಟು,

ನೋಡಿದೆ. ನನ್ನ ಭಾಗವನ್ನು ಖಾಲಿ ಹಾಳೆ ಎದುರಿಟ್ಟುಕೊಂಡು ಮೊದಲಿನಿಂದ ಮತ್ತೆ ಸಾಧಿಸಿದೆ. ಕೂದಲೆಳೆಯಷ್ಟೂ ತಪ್ಪಿಲ್ಲ. ನಿನ್ನ ಗುಬ್ಬಚ್ಚಿಗೆ ಕನ್ನಡಕ ಕೊಡಿಸು.

ಆದರೆ ಒಂದು ಮಾತು ಹೇಳುತ್ತೇನೆ, ಬೀಗಬೇಡ. ಇಷ್ಟು ಖುಷಿಯಿಂದ ನಾನು ಯಾವ ತಪ್ಪನ್ನೂ ಹುಡುಕಿರಲಿಲ್ಲ. ನಮ್ಮ ಕಾಲೇಜು ಇರುವುದು ಬಸ್ ಡಿಪೋದ ಎದುರಿಗೆ. ಒಂದು ಬಸ್ಸು ರಿವರ್ಸ್ ತೆಗೆದರೆ ನನ್ನ ಕ್ಲಾಸಿನ ಕಿಟಕಿ ಗಾಜು ಗಡಗಡ ಅನ್ನುತ್ತದೆ. ಇಲ್ಲಿ ನಾನು ಕಲಿಸುವುದು ಲೆಕ್ಕಶಾಸ್ತ್ರದ ಮಕ್ಕಳಿಗೆ ಬೇಕಾದಷ್ಟು ಗಣಿತ. ಬಾಣಗಳ ಹೆಸರೆತ್ತಿದರೆ ಬಿಲ್ಲೆಲ್ಲಿ ಅಂತ ಕೇಳುತ್ತಾರೆ. ಒಳ್ಳೆಯ ಮಕ್ಕಳೇ, ಆದರೆ ಸ್ಟಾಫ್ ರೂಮಿನಲ್ಲಿ ನನ್ನ ಮಾತು ತಿಳಿಯುವವರು ಒಬ್ಬರಿಲ್ಲ. ಈ ಹತ್ತು ದಿನ ನಾನು ಡಿಪೋದ ಕಾಂಪೌಂಡ್ ಗೋಡೆಯ ಉದ್ದಕ್ಕೂ ಒಬ್ಬಳೇ ಮಾತಾಡಿಕೊಂಡು ಓಡಾಡಿದ್ದೇನೆ. ಕಂಡಕ್ಟರೊಬ್ಬರು ಯಾವ ಬಸ್ಸಮ್ಮಾ ಬೇಕು ಅಂತ ವಿಚಾರಿಸಿದರು. ಬಂದ ದಾರಿಯಲ್ಲೇ ವಾಪಸು ಹೋಗುವ ಬಸ್ಸು ಬೇಕು ಅಂದೆ. ಪಾಪ, ನಿಜವಾಗಿಯೂ ನಂಬರ್ ಹೇಳಿದರು.

ನನ್ನ ಕಡೆ ತಪ್ಪಿಲ್ಲ ಅಂದ ಮೇಲೆ ನಿನ್ನ ಕಡೆ ಇರಬೇಕು. ಅಚ್ಚಾದದ್ದನ್ನು ನೋಡಿ ಹೇಳೋಣವೆಂದರೆ ನನ್ನ ಪ್ರತಿ ಅಮ್ಮನ ಮಿಷನ್ನಿನ ಕುಂಟು ಕಾಲಿನ ಕೆಳಗಿದೆ. ಎಂದೋ ಅಲ್ಲಿಗೆ ಹೋದದ್ದು. ತೆಗೆಯಲು ನನಗೆ ಧೈರ್ಯವಿಲ್ಲ, ಮನಸ್ಸೂ ಇಲ್ಲ.

ಕಾಲುಚೀಲ

*

ಫೆಬ್ರವರಿ 26

ಕಾಲುಚೀಲ,

ನಾನೂ ನನ್ನ ಭಾಗವನ್ನು ಮತ್ತೆ ಸಾಧಿಸಿದೆ. ಸರಿಯಾಗಿದೆ. ನಿನ್ನದೂ ಸರಿ, ನನ್ನದೂ ಸರಿ, ಚಿತ್ರವೂ ಸರಿ, ಮೂರೂ ಸೇರಿದರೆ ತಪ್ಪು. ಇದೆಂಥ ಮಾಯೆ?

ಸೋಮವಾರ ಇದನ್ನೇ ಗುಬ್ಬಚ್ಚಿಗೆ ಹೇಳಿದೆ. ನೀವು ಯಾವುದನ್ನು ನೋಡಿಕೊಂಡು ಪರೀಕ್ಷಿಸಿದಿರಿ ಅಂತ ಕೇಳಿದಳು. ನೆನಪಿನಿಂದ ಮಾಡಿದೆ, ನನ್ನದೇ ಸಾಧನೆ ನನಗೆ ಗೊತ್ತಿಲ್ಲವೆ ಅಂದೆ. ಕುಪ್ಪಳಿಸುವುದನ್ನು ನಿಲ್ಲಿಸಿ ನೆಟ್ಟಗೆ ನಿಂತಳು.

“ಮೇಡಂ, ತಪ್ಪು ತಿಳ್ಕೋಬೇಡಿ. ಅಚ್ಚಾದ ಮೇಲೆ ನಿಮ್ಮ ಪೇಪರನ್ನ ನೀವು ಒಂದು ಸಲನಾದ್ರೂ ಓದಿದ್ದೀರಾ?”

ನಾನು ಫ್ಯಾನ್ ಜೋರು ಮಾಡಲು ಎದ್ದೆ. ಓದಿಲ್ಲ ಕಣೇ. ಪತ್ರಿಕೆಯವರು ಕಳಿಸಿದ ಲಕೋಟೆ ಒಡೆಯದೆ ಬೀರುವಿನ ಮೇಲೆ ಬಿದ್ದಿದೆ. ನಮ್ಮ ಪ್ರಮೇಯವನ್ನು ಬಳಸಿದವರು ನೂರಾರು ಜನ, ಓದಿದವಳು ಇವಳೊಬ್ಬಳೇ ಇರಬೇಕು. ಅವಳ ಎದುರಿಗೆ ಮುಖ ತಗ್ಗಿಸುವ ಹಾಗಾಯಿತು. ಆಮೇಲೆ ನಗು ತಡೆಯಲಾಗಲಿಲ್ಲ, ಅವಳೂ ನಕ್ಕಳು. ನಕ್ಕು ಮುಗಿದ ಮೇಲೆ ಅವಳ ಕಣ್ಣು ಕ್ಯಾಲೆಂಡರಿನ ಮೇಲೆ ಹೋದದ್ದನ್ನು ಕಂಡೆ.

ಈ ಭಾನುವಾರ ಲಕೋಟೆ ಒಡೆಯುತ್ತೇನೆ. ನೀನೂ ಮಿಷನ್ ಎತ್ತು. ಅಮ್ಮನಿಗೆ ನಾನು ಹೇಳಿದೆ ಅಂತ ಹೇಳು.

ಬೂಟು

*

ಮಾರ್ಚ್ 5

ಬೂಟು,

ನಿನ್ನ ಪತ್ರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಬಹುಶಃ ನೀನೂ ಈಗ ಬರೆಯುತ್ತಿರಬಹುದು.

ಅಮ್ಮ, ನಾನು, ಪಕ್ಕದ ಮನೆಯ ಬಡಗಿ ಮೂವರೂ ಸೇರಿ ಮಿಷನ್ ಎತ್ತಿದೆವು. ಅಮ್ಮ ಸೆರಗಿನಿಂದ ಪತ್ರಿಕೆಯ ಧೂಳು ಒರೆಸಿ ಕೈಗೆ ಕೊಟ್ಟಳು. ನನ್ನ ಭಾಗ ಬಿಟ್ಟು ನೇರವಾಗಿ ನಿನ್ನದಕ್ಕೆ ಹೋದೆ, ತಪ್ಪು ಹಿಡಿಯಲು. ಅರ್ಧ ಪುಟ ಓದಿದ ಮೇಲೂ ಏನೋ ಸಲೀಸಾಗಿ ಓದಿಸಿಕೊಂಡು ಹೋಗುತ್ತಿದೆಯಲ್ಲ ಅನ್ನಿಸಿತು. ನಿನ್ನ ಬರಹ ನನಗೆ ಯಾವತ್ತೂ ಹಾಗೆ ಓದಿಸಿಕೊಂಡಿರಲಿಲ್ಲ. ಮತ್ತೆ ಮೇಲಿನಿಂದ ಓದಿದೆ.

ಕಾಲುಚೀಲ ಮೊದಲು, ಬೂಟು ಆಮೇಲೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ. ಪೂರ್ತಿ ಭಾಗವನ್ನು ನನ್ನ ಕ್ರಮಕ್ಕೆ ತಿರುಗಿಸಿದ್ದೀಯ.

ಯಾವಾಗ ಮಾಡಿದೆ? ಯಾಕೆ ಹೇಳಲಿಲ್ಲ? ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ ಕಣೇ. ಅಮ್ಮ ಗಾಬರಿಯಾಗಿ ಪ್ರಮೇಯ ಬಿದ್ದುಹೋಯಿತಾ ಅಂತ ಕೇಳಿದಳು.

ನನ್ನ ಭಾಗದಲ್ಲಿ ನಾನೇನು ಮಾಡಿದ್ದೇನೆಂದು ನೀನು ಇಷ್ಟು ಹೊತ್ತಿಗೆ ನೋಡಿರುತ್ತೀಯ.

ನಿನ್ನ
ಕಾಲುಚೀಲ

*

ಮಾರ್ಚ್ 5

ಕಾಲುಚೀಲ,

ನೀನು ಬೂಟು ಮೊದಲು ಬರೆದಿದ್ದೀಯ! ನಿನ್ನ ಭಾಗ ಪೂರ್ತಿ! ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ. ನಮ್ಮನೆಯ ಹಲ್ಲಿನ ಡಾಕ್ಟರನ್ನು ಕರೆದು ಇದು ಯಾವ ಕ್ರಮದಲ್ಲಿದೆ ಹೇಳಿ ಅಂದೆ. ಮದುವೆಯಾಗಿ ಮೂವತ್ತು ವರ್ಷವಾಯಿತು, ಇಷ್ಟಾದರೂ ಕಲಿತಿದ್ದಾರೆ. “ನಿನ್ನ ಕ್ರಮವೇ ಅಲ್ಲವಾ?” ಅಂತ ನನಗೇ ಕೇಳಿದರು.

ಆ ಗುರುವಾರ ನಾನು ಸ್ಟೇಷನ್ನಿಗೆ ಯಾಕೆ ಬರಲಿಲ್ಲ ಅಂತ ಈಗ ಹೇಳುತ್ತೇನೆ. ಬೆಳಿಗ್ಗೆಯಿಂದ ಮೇಜಿಗೆ ಅಂಟಿಕೊಂಡು ನನ್ನ ಭಾಗವನ್ನು ಸಾಲು ಸಾಲಾಗಿ ನಿನ್ನ ಕ್ರಮಕ್ಕೆ ತಿರುಗಿಸುತ್ತಿದ್ದೆ. ಮುಗಿಸಿ, ರೈಲು ಬಿಡುವ ಮೊದಲು ನಿನ್ನ ಕೈಗೆ ಕೊಟ್ಟು, ನೀನೇ ಗೆದ್ದೆ ತಗೋ ಅನ್ನಬೇಕು ಅಂತಿದ್ದೆ. ಮುಗಿಯಲಿಲ್ಲ. ಗಡಿಯಾರ ನೋಡಿದಾಗ ನಿನ್ನ ರೈಲು ಹೊರಟುಹೋಗಿತ್ತು. ಮರುದಿನ ಉಳಿದದ್ದನ್ನೂ ಮುಗಿಸಿ ಪತ್ರಿಕೆಯವರಿಗೆ ಕಳಿಸಿದೆ. ಅಚ್ಚಾದಾಗ ನೀನು ನೋಡುತ್ತೀಯ, ನೋಡಿ ಒಂದು ಸಾಲು ಬರೆಯುತ್ತೀಯ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಬರಲಿಲ್ಲ. ನೋಡಿಯೂ ಬರೆಯಲಿಲ್ಲವಲ್ಲ ಅಂದುಕೊಂಡೆ. ಅದಕ್ಕೇ ಲಕೋಟೆ ಒಡೆಯಲಿಲ್ಲ.

ಇಷ್ಟೇ. ಇನ್ನು ಬರೆಯಲಾಗುತ್ತಿಲ್ಲ, ಅಕ್ಷರ ಕಾಣಿಸುತ್ತಿಲ್ಲ.

ನಿನ್ನ
ಬೂಟು

*

ಮಾರ್ಚ್ 12

ಬೂಟು,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿಕೊಂಡು ಹೋಗಿವೆ. ಎದುರುಬದುರು ಬಾಣಗಳು.

ನೀನು ಮೇಜಿನ ಮುಂದೆ ಕೂತಿದ್ದ ಹೊತ್ತಿಗೆ ನಾನು ರೈಲಿನ ಕಿಟಕಿ ಪಕ್ಕ ಕೂತು ಅದೇ ಕೆಲಸ ಮಾಡುತ್ತಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ನಿನ್ನನ್ನು ಹುಡುಕಿ ಹುಡುಕಿ ಸಾಕಾಗಿತ್ತು. ರೈಲು ಹೊರಟ ಮೇಲೆ ಸಿಟ್ಟಿನಲ್ಲೇ ಕಾಗದ ತೆಗೆದೆ. ಸಿಟ್ಟು ಎಲ್ಲಿ ಇಳಿಯಿತೋ ಗೊತ್ತಿಲ್ಲ, ನೋಡಿದರೆ ಬೂಟು ಮೊದಲು ಬರೆಯುತ್ತಿದ್ದೆ. ರೈಲು ಬದಲಿಸುವ ಊರಿನಲ್ಲಿ ಪತ್ರಿಕೆಯ ವಿಳಾಸ ಬರೆದು ಅಂಚೆ ಡಬ್ಬಿಗೆ ಹಾಕಿದೆ. ಆಮೇಲೆ ನಾನೂ ಕಾದೆ. ಆಮೇಲೆ ಅಚ್ಚಾಗಿ ಬಂದ ಪ್ರತಿ ಮಿಷನ್ನಿನ ಕಾಲಿನ ಕೆಳಗೆ ಹೋಯಿತು. ಅಮ್ಮ ಇಟ್ಟಳು ಅಂತ ನೀನು ಅಂದುಕೊಂಡಿರುತ್ತೀಯ. ಇಟ್ಟವಳು ನಾನು.

ಈಗ ತಪ್ಪು ಎಲ್ಲಿದೆ ಅಂತ ಕಣ್ಣಿಗೆ ಹೊಡೆದಂತೆ ಕಾಣುತ್ತಿದೆ. ಮೊದಲ ಪುಟದ ಸಾಲು ಹಾಗೇ ಉಳಿಯಿತು. ಅದನ್ನು ನಂಬಿ ಓದುವವರು ನನ್ನದನ್ನೂ ತಲೆಕೆಳಗಾಗಿ ಓದುತ್ತಾರೆ, ನಿನ್ನದನ್ನೂ ತಲೆಕೆಳಗಾಗಿ ಓದುತ್ತಾರೆ. ನಡುವಿನ ಚಿತ್ರ ಮಾತ್ರ ನೆಟ್ಟಗಿದೆ. ನಾನೊಬ್ಬಳೇ ಸೋತಿದ್ದರೆ ಅಥವಾ ನೀನೊಬ್ಬಳೇ ಸೋತಿದ್ದರೆ ಮಾರನೇ ವಾರವೇ ಯಾರಾದರೂ ಕಂಡುಹಿಡಿಯುತ್ತಿದ್ದರು, ನನ್ನ ಭಾಗವೂ ನಿನ್ನ ಭಾಗವೂ ಒಂದಕ್ಕೊಂದು ಕಚ್ಚಿಕೊಳ್ಳುತ್ತಲೇ ಇರಲಿಲ್ಲ. ಇಬ್ಬರೂ ಸೋತದ್ದರಿಂದ ಅವು ಸೊಗಸಾಗಿ ಕಚ್ಚಿಕೊಂಡು ಕೂತಿವೆ. ಗುಬ್ಬಚ್ಚಿಯಂಥವಳೇ ಬರಬೇಕಾಯಿತು. ಅವಳಿಗೆ ಕನ್ನಡಕ ಬೇಡ ಅಂತ ಹೇಳು, ನನ್ನ ಮಾತು ವಾಪಸು.

ಅಮ್ಮನಿಗೆ ಎಲ್ಲ ಹೇಳಿದೆ. ಕತ್ತರಿ ಕೆಳಗಿಟ್ಟು ಕೇಳಿಸಿಕೊಂಡಳು.

“ನೀ ಅವಳಿಗೋಸ್ಕರ ಬೂಟು ಹಾಕ್ಕೊಂಡೆ, ಅವಳು ನಿನಗೋಸ್ಕರ ಕಾಲುಚೀಲ ಹಾಕ್ಕೊಂಡ್ಲು. ಇಬ್ಬರೂ ಇಷ್ಟು ವರ್ಷ ಬಾಗಿಲಾಚೆ ಮಾತ್ರ ಕಾಲಿಡಲಿಲ್ಲ,” ಅಂದಳು.

ಇದಕ್ಕೆ ಏನು ಉತ್ತರ ಕೊಡಲಿ? ನಿನ್ನ ಬಳಿ ಇದೆಯೆ?

ನಿನ್ನ
ಕಾಲುಚೀಲ

*

ಮಾರ್ಚ್ 22

ಕಾಲುಚೀಲ,

ಉತ್ತರವಿದೆ. ಹೊರಟು ಬಾ.

ನಿನ್ನ ಪತ್ರವನ್ನು ಗುಬ್ಬಚ್ಚಿಗೆ ಓದಿ ಹೇಳಿದೆ. ಜಗಳದ ಕಥೆ, ಬೋರ್ಡಿನ ಗೆರೆಯ ಕಥೆ, ಡಸ್ಟರಿನ ಕಥೆ, ಒಂದೂ ಬಿಡಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬೋರ್ಡಿಗೆ ಹೋಗಿ ನಮ್ಮ ಚೌಕ ಬರೆದು, ಮೊದಲ ಪುಟದ ಸಾಲನ್ನು ತಿರುಗಿಸಿದಳು. ಎಲ್ಲ ಸಲೀಸಾಗಿ ಕೂಡಿತು. ಪ್ರಮೇಯ ನಿಂತಿತು, ಅವಳ ಪ್ರಬಂಧವೂ ನಿಂತಿತು. ನಾನು ಎದ್ದು ಅವಳನ್ನು ಅಪ್ಪಿಕೊಂಡೆ. ಅವಳು ಅಲ್ಲಿಗೆ ಸುಮ್ಮನಾದಳು ಅಂದುಕೊಂಡೆಯಾ? ಸಾಲನ್ನು ಮತ್ತೆ ಮೊದಲಿನಂತೆ ಮಾಡಿ, ಈ ಸಲ ಚಿತ್ರದ ಬಾಣಗಳನ್ನು ತಿರುಗಿಸಿದಳು. ಆಗಲೂ ಕೂಡಿತು! ಎಲ್ಲ ಬಾಣ ತಿರುಗಿಸಿದರೆ ಇನ್ನೊಂದು ಪ್ರಮೇಯ ಬಿಟ್ಟಿ ಅಂತ ನಾನೇ ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನಲ್ಲ. ನಮ್ಮದೇ ಪ್ರಮೇಯದ ಅವಳಿ ಇಷ್ಟು ವರ್ಷ ನಮ್ಮದೇ ಲೇಖನದಲ್ಲಿ ತಲೆಕೆಳಗಾಗಿ ಮಲಗಿತ್ತು. ಅದು ಈಗ ಅವಳ ಪ್ರಬಂಧದ ಕೊನೆಯ ಅಧ್ಯಾಯವಾಗುತ್ತಿದೆ. ಬಿಟ್ಟಿಯದ್ದೇ ಇರಬಹುದು, ಆದರೆ ಎತ್ತಿ ತೋರಿಸಿದವಳು ಅವಳು.

ಮೇ ತಿಂಗಳಲ್ಲಿ ಅವಳ ಪರೀಕ್ಷೆ. ಎದುರು ಬೆಂಚಿನಲ್ಲಿ ನೀನಿರಬೇಕು ಅಂತ ಅವಳೇ ಕೇಳಿದ್ದಾಳೆ. ಅಮ್ಮನನ್ನೂ ಕರೆದುಕೊಂಡು ಬಾ. ನಮ್ಮನೆಯ ಪರದೆಗಳನ್ನು ನೋಡಿದರೆ ಅವಳೇ ಕತ್ತರಿ ಕೇಳುತ್ತಾಳೆ.

ಪುಸ್ತಕ ಬರೆಯೋಣವೆ? ನಿನ್ನ ಕ್ರಮದಲ್ಲೇ ಆಗಲಿ.

ನಿನ್ನ
ಬೂಟು

*

ಏಪ್ರಿಲ್ 3

ಬೂಟು,

ಟಿಕೆಟ್ ಆಯಿತು, ಎರಡು. ಅಮ್ಮ ಈಗಲೇ ಪೆಟ್ಟಿಗೆ ತುಂಬಿ ಕೂತಿದ್ದಾಳೆ. ನಿನ್ನ ಅಳತೆ ಕೇಳುತ್ತಿದ್ದಾಳೆ. ಹಳೆಯ ಅಳತೆ ಹೇಳಿದೆ, ಸುಳ್ಳಾಗಿದ್ದರೆ ನಿನ್ನ ಹಣೆಬರಹ.

ಸ್ಟಾಫ್ ರೂಮಿನಲ್ಲಿ ಮೊನ್ನೆ ನಾನು ಹಾಡುತ್ತಿದ್ದೆನಂತೆ. ಏನು ವಿಶೇಷ ಮೇಡಂ ಅಂತ ಲೆಕ್ಕಶಾಸ್ತ್ರದವರು ಕೇಳಿದರು. ತಪ್ಪು ಸಿಕ್ಕಿತು ಅಂದೆ.

ಪುಸ್ತಕ ಬರೆಯೋಣ. ಆದರೆ ನಿನ್ನ ಕ್ರಮದಲ್ಲಿ. ನಾನು ರೈಲಿನಲ್ಲಿ ಬರೆದು ಬರೆದು ಅಭ್ಯಾಸ ಮಾಡಿಕೊಂಡದ್ದು ದಂಡವಾಗಬಾರದು. ಈ ವಿಷಯದಲ್ಲಿ ನಾನು ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ, ನೋಡಿಕೋ.

ರೈಲು ಬೆಳಿಗ್ಗೆ ಬರುತ್ತದೆ. ನೀನು ಸ್ಟೇಷನ್ನಿಗೆ ಬರಬೇಕು. ಆ ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಬೇಡ.

ನಿನ್ನ
ಕಾಲುಚೀಲ

*

ಮೇ 30

ಪತ್ರಿಕೆಯ ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯಲ್ಲಿ ಹನ್ನೊಂದು ವರ್ಷದ ಹಿಂದೆ ಅಚ್ಚಾದ ನಮ್ಮ ಲೇಖನಕ್ಕೆ ತಿದ್ದುಪಡಿಯೊಂದನ್ನು ಈ ಮೂಲಕ ಕಳಿಸುತ್ತಿದ್ದೇವೆ. ದಯವಿಟ್ಟು ಪ್ರಕಟಿಸಬೇಕು.

ಮೊದಲ ಪುಟದ ಸಾಲನ್ನು ಹೀಗೆ ಓದಿಕೊಳ್ಳುವುದು: ‘ಮೊದಲ ಭಾಗವನ್ನು ಹಿಂದಿನಿಂದ, ಎರಡನೆಯ ಭಾಗವನ್ನು ಮುಂದಿನಿಂದ ಓದಿಕೊಳ್ಳುವುದು.’ ಉಳಿದಂತೆ ಲೇಖನದಲ್ಲಿ ಏನನ್ನೂ ಬದಲಿಸಬೇಕಿಲ್ಲ. ಪ್ರಮೇಯ ಸರಿಯಾಗಿದೆ. ಈ ತಪ್ಪನ್ನು ಕಂಡುಹಿಡಿದು, ಇದೇ ವಾರ ಪಿಎಚ್‌ಡಿ ಪಡೆದ ನಮ್ಮ ವಿದ್ಯಾರ್ಥಿನಿಗೆ ನಾವು ಋಣಿಗಳು. ಪರೀಕ್ಷೆಯ ಉದ್ದಕ್ಕೂ ಆಕೆಯ ಕಿವಿಯ ಹಿಂದೆ ಚಾಕ್‌ಪೀಸು ಇತ್ತು, ಪರೀಕ್ಷಕರು ದೂರಲಿಲ್ಲ.

ತಪ್ಪಿಗೆ ಕಾರಣವನ್ನು ತಿಳಿಸುವ ರೂಢಿ ಇರುವುದರಿಂದ ತಿಳಿಸುತ್ತಿದ್ದೇವೆ. ಲೇಖಕಿಯರಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ದಿನ ಸೋತರು.

ಇತಿ,

ಬೂಟು, ಕಾಲುಚೀಲ
ಕಾಲುಚೀಲ, ಬೂಟು

(ಯಾರ ಹೆಸರು ಮೊದಲು ಬರಬೇಕೆಂಬ ಜಗಳ ಇಲ್ಲಿ ಅಡುಗೆಮನೆಯ ಮೇಜಿನ ಮೇಲೆ ಇನ್ನೂ ನಡೆಯುತ್ತಿದೆ. ನಿನ್ನದೇ ಮೊದಲಿರಲಿ ಅಂತ ಇಬ್ಬರೂ ಹಟ ಹಿಡಿದಿದ್ದೇವೆ. ಆದ್ದರಿಂದ ಎರಡು ಸಲ ಸಹಿ ಹಾಕಿದ್ದೇವೆ. ಎರಡನ್ನೂ ಅಚ್ಚು ಹಾಕಬೇಕಾಗಿ ವಿನಂತಿ. ಈ ಸಲ ಇಬ್ಬರೂ ಓದುತ್ತೇವೆ.)